ವುಸ್ಟರಿನ ಕೆಂಪು ‘ಎಚ್’

ದೀಪಾವಳಿ, ಯುಗಾದಿ ಸಮಾರಂಭಗಳ ದಿನ ಸಭಾಂಗಣದ ಬಾಗಿಲ ಬಳಿ, ಚಪ್ಪಲಿ ರಾಶಿಗೂ ಕಾಫಿ ಪಾತ್ರೆಗೂ ನಡುವೆ, ಕೈಯಿಂದ ಮಾಡಿದ ಶುಭಾಶಯ ಕಾರ್ಡುಗಳ ಪುಟ್ಟ ಮೇಜೊಂದನ್ನು ಸದಸ್ಯ ಬಾಂಧವರು ನೋಡಿಯೇ ಇರುತ್ತೀರಿ. ಆ ಮೇಜಿನವರು ನಾವು. ನಾವು ಎಂದರೆ ಐದು ಮನೆಯ ಹೆಂಗಸರು, ಜೊತೆಗೆ ಕತ್ತರಿಸುವ ಕೆಲಸದಲ್ಲಿ ಪಳಗಿದ ಒಬ್ಬರ ಯಜಮಾನರು. ತಿಂಗಳಿಗೆ ಎರಡು ಶನಿವಾರ ಯಾರದಾದರೂ ಮನೆಯ ಊಟದ ಮೇಜಿನ ಮೇಲೆ ಸೇರುತ್ತೇವೆ. ಮೇಜಿನ ಹತ್ತಿರ ಬಂದವರು ಕಾರ್ಡನ್ನು ತಿರುಗಿಸಿ ನೋಡಿ, “ಚೆನ್ನಾಗಿದೆ ರೀ, ಆದರೆ ಅಂಗಡಿಯಲ್ಲಿ ಇಷ್ಟು ಅಗ್ಗಕ್ಕೆ ಸಿಗುವಾಗ ಇದಕ್ಕೆ ಯಾಕೆ ಶನಿವಾರ ಇಡೀ ಹಾಳು ಮಾಡ್ತೀರಿ?” ಎಂದು ಕೇಳುವುದುಂಟು. ಪ್ರಶ್ನೆಯಲ್ಲಿ ಕುಹಕವಿಲ್ಲ. ಆದರೆ ‘ಹೊತ್ತು ಹೋಗದವರ ಕೆಲಸ’ ಎಂಬ ಒಂದು ಧ್ವನಿ ಅದರಲ್ಲಿ ಇದೆ. ಈ ಕೆಲಸದ ಹಿಂದಿನ ಚರಿತ್ರೆಯೇನು ಎಂದು ಕೆದಕುತ್ತ ಹೋದಾಗ, ಬಾಸ್ಟನ್ ಸುತ್ತಮುತ್ತ ಇರುವ ನಮಗೆ ಅದು ಮಾಸ್ ಪೈಕ್ ಹಿಡಿದು ಒಂದು ಗಂಟೆಯೊಳಗೆ ಮುಟ್ಟಬಹುದಾದ ಊರಿನಲ್ಲೇ ಸಿಕ್ಕಿತು. ಆ ಊರು ವುಸ್ಟರ್. (ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ಓದಲು ಹೋದರೆ ಬೇರೆಯೇ ಆಗುತ್ತದೆ. ಬರೆದಂತೆ ಓದುವ ಭಾಷೆಯಿಂದ ಬಂದ ನಮಗೆ ಇದೊಂದು ಶಿಕ್ಷೆ.)

ಮೊದಲು ಅಂಚೆಯ ಮಾತು. ಕಾಗದ ಕಳಿಸುವುದು ದುಬಾರಿಯಾಗಿದ್ದ ಕಾಲದಲ್ಲಿ ಬರಿಯ ಶುಭಾಶಯಕ್ಕಾಗಿ ಯಾರೂ ಲಕೋಟೆ ಹಾಕುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂತು. ಮೂರೇ ವರ್ಷಕ್ಕೆ, 1843ರಲ್ಲಿ, ಹೆನ್ರಿ ಕೋಲ್ ಎಂಬ ಅಧಿಕಾರಿ ಚಿತ್ರಗಾರ ಹಾರ್ಸ್ಲಿಯಿಂದ ಬರೆಸಿ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಅಚ್ಚು ಹಾಕಿಸಿದ. ಬೆಲೆ ಒಂದು ಶಿಲ್ಲಿಂಗ್. ಅಮೆರಿಕದಲ್ಲಿ 1845ರ ಕಾಯಿದೆಯಿಂದ 300 ಮೈಲಿಯೊಳಗಿನ ಕಾಗದಕ್ಕೆ ಐದು ಸೆಂಟ್ ಆಯಿತು, 1851ರಲ್ಲಿ ಮುಂಗಡ ಕೊಟ್ಟ ಕಾಗದಕ್ಕೆ ಮೂರು ಸೆಂಟಿಗೆ ಇಳಿಯಿತು. ನಮ್ಮ ಕಡೆಯೂ 1854ರಲ್ಲಿ ದೂರವೆಷ್ಟೇ ಇರಲಿ ಅರ್ಧ ಆಣೆ ಎಂಬ ದರ ಬಂತು. ಅಂಚೆ ಅಗ್ಗವಾದ ಕಡೆಯಲ್ಲೆಲ್ಲ ಹಬ್ಬದ ಕಾಗದ ಹುಟ್ಟಿಕೊಂಡಿತು ಎನ್ನಬಹುದು.

ವುಸ್ಟರಿನ ಕಥೆ ಶುರುವಾಗುವುದು ಇಂಥ ಕಾಲದಲ್ಲಿ. ಎಸ್ತರ್ ಹೌಲೆಂಡ್ ಹುಟ್ಟಿದ್ದು 1828ರಲ್ಲಿ. ತಂದೆಗೆ ಪುಸ್ತಕ ಮತ್ತು ಲೇಖನ ಸಾಮಗ್ರಿಗಳ ದೊಡ್ಡ ಅಂಗಡಿಯಿತ್ತು. ಮಗಳನ್ನು ಸೌತ್ ಹ್ಯಾಡ್ಲಿಯ ಮೌಂಟ್ ಹೋಲ್ಯೋಕ್ ಸೆಮಿನರಿಯಲ್ಲಿ ಓದಿಸಿದರು. ಹೆಣ್ಣುಮಕ್ಕಳ ಉನ್ನತ ವಿದ್ಯೆಗಾಗಿ ಮೇರಿ ಲಯನ್ 1837ರಲ್ಲಿ ತೆರೆದ ಶಾಲೆ ಅದು. ಎಸ್ತರ್ 1847ರಲ್ಲಿ ಓದು ಮುಗಿಸಿ ಹೊರಬಂದಳು. ಅದೇ ವರ್ಷ ಅಲ್ಲಿಗೆ ಸೇರಿದ ಇನ್ನೊಬ್ಬ ಹುಡುಗಿಯ ಹೆಸರು ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆಲ್ಲ ಗೊತ್ತು: ಎಮಿಲಿ ಡಿಕಿನ್ಸನ್. ಮರುವರ್ಷದ ಫೆಬ್ರವರಿಯಲ್ಲಿ ಆ ಹುಡುಗಿ ಅಣ್ಣನಿಗೆ ಬರೆದ ಕಾಗದದಲ್ಲಿ ಒಂದು ಸ್ವಾರಸ್ಯವಿದೆ. ವ್ಯಾಲೆಂಟೈನ್ ಚೀಟಿಗಳು ಹುಚ್ಚಾಟ, ಯಾರೂ ಕಳಿಸಕೂಡದು ಎಂದು ಮೇರಿ ಲಯನ್ ಸಭೆಯಲ್ಲೇ ಕಟ್ಟಪ್ಪಣೆ ಮಾಡಿದರಂತೆ. ಆ ಶಾಲೆಯಿಂದಲೇ ಬಂದ ಎಸ್ತರ್ ಅಷ್ಟರಲ್ಲಿ ಮನೆಯಲ್ಲಿ ಕೂತು ಅದೇ ಚೀಟಿಗಳನ್ನು ಮಾಡಲು ಹೊರಟಿದ್ದಳು!

ಎಲ್ಲರೂ ಹೇಳುವ ಕಥೆ ಹೀಗಿದೆ. ತಂದೆಯ ವ್ಯಾಪಾರದ ಸ್ನೇಹಿತರೊಬ್ಬರಿಂದ ಅವಳಿಗೆ ಇಂಗ್ಲೆಂಡಿನ ಒಂದು ವ್ಯಾಲೆಂಟೈನ್ ಕಾರ್ಡು ಬಂತು. ಸುತ್ತ ಲೇಸಿನಂತೆ ಕತ್ತರಿಸಿದ ಕಾಗದ, ನಡುವೆ ಬಣ್ಣದ ಹೂ. ಇದಕ್ಕಿಂತ ಚೆನ್ನಾಗಿ ನಾನೇ ಮಾಡಬಲ್ಲೆ ಎಂದುಕೊಂಡು, ತಂದೆಯ ಮೂಲಕ ಲೇಸ್ ಕಾಗದ, ಬಣ್ಣದ ಚಿತ್ರಗಳನ್ನು ತರಿಸಿಕೊಂಡು ಒಂದು ಡಜನ್ನಿನಷ್ಟು ಮಾದರಿ ಮಾಡಿದಳು. ಅಂಗಡಿಯ ಮಾಲು ಮಾರಲು ಊರೂರು ತಿರುಗುತ್ತಿದ್ದ ಅವಳ ಸೋದರ ಅವನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದ. ಇನ್ನೂರು ಡಾಲರಿನ ಆರ್ಡರ್ ಬಂದರೆ ಸಾಕು ಎಂದಿದ್ದಳಂತೆ. ಅವನು ಐದು ಸಾವಿರ ಡಾಲರಿನದು ತಂದನಂತೆ. ಈ ಸಂಖ್ಯೆಗಳು ಅವಳ ಮುಪ್ಪಿನ ಕಾಲದ ಹೇಳಿಕೆಯಿಂದ ಬಂದವು. ಇಷ್ಟು ಅಚ್ಚುಕಟ್ಟಾದ ಕಥೆಯನ್ನು ಸ್ವಲ್ಪ ಉಪ್ಪು ಬೆರೆಸಿಯೇ ತಿನ್ನಬೇಕು ಎಂಬುದು ನಮ್ಮ ಅಭಿಪ್ರಾಯ. ಅವಳನ್ನು ಅಮೆರಿಕದ ವ್ಯಾಲೆಂಟೈನಿನ ತಾಯಿ ಎಂದು ಕರೆಯುವುದುಂಟು, ಆದರೆ ಮೊದಲಿಗಳಂತೂ ಅವಳಲ್ಲ. ಅವಳಿಗಿಂತ ಹಿಂದೆಯೂ ಇಲ್ಲಿ ಕಾರ್ಡು ಮಾರುತ್ತಿದ್ದರು. 1850ರ ಫೆಬ್ರವರಿಯಲ್ಲಿ ವುಸ್ಟರಿನ ‘ಸ್ಪೈ’ ಪತ್ರಿಕೆಯಲ್ಲಿ ಅವಳ ಕಾರ್ಡುಗಳ ಜಾಹೀರಾತು ಬಂದದ್ದು ಮಾತ್ರ ದಾಖಲೆಯ ಮಾತು.

ಆರ್ಡರ್ ಬಂದ ಮೇಲೆ ಅವಳು ಮಾಡಿದ್ದೇನು ಎಂಬುದು ನಮಗೆ ಹೆಚ್ಚು ಮುಖ್ಯ. ಗೆಳತಿಯರನ್ನು ಕರೆದಳು. ಸಮ್ಮರ್ ಸ್ಟ್ರೀಟಿನ ತಮ್ಮ ಮನೆಯ ಮೂರನೆಯ ಅಂತಸ್ತಿನಲ್ಲಿ ಉದ್ದ ಮೇಜು ಹಾಕಿಸಿದಳು. ಒಬ್ಬಳು ಚಿತ್ರ ಕತ್ತರಿಸುವುದು, ಒಬ್ಬಳು ಹಿನ್ನೆಲೆಯ ಕಾಗದ ಸಿದ್ಧ ಮಾಡುವುದು, ಇನ್ನೊಬ್ಬಳು ಪದರ ಪದರವಾಗಿ ಅಂಟಿಸುವುದು. ಮಾದರಿ ಎಸ್ತರಳದು, ಕೊನೆಯ ಪರೀಕ್ಷೆಯೂ ಅವಳದೇ. ಮನೆ ಬಿಟ್ಟು ಬರಲಾಗದ ಹೆಂಗಸರಿಗೆ ಒಂದು ಪೆಟ್ಟಿಗೆಯಲ್ಲಿ ಮಾದರಿ ಮತ್ತು ಸಾಮಾನು ಇಟ್ಟು ಕಳಿಸಿ, ವಾರದ ಮೇಲೆ ಮಾಡಿದ ಕಾರ್ಡುಗಳನ್ನು ತರಿಸಿಕೊಳ್ಳುತ್ತಿದ್ದಳು. ಹೆನ್ರಿ ಫೋರ್ಡ್ ಕಾರಿನ ಕಾರ್ಖಾನೆಯಲ್ಲಿ ಚಲಿಸುವ ಸಾಲು ಹಾಕಿದ್ದು 1913ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲು ಮನೆಯ ಮಾಳಿಗೆಯಲ್ಲಿ, ಗೋಂದು ಕತ್ತರಿ ಹಿಡಿದ ಹುಡುಗಿಯರು ಕೆಲಸ ಹಂಚಿಕೊಂಡು ಮಾಡುವ ಪದ್ಧತಿಯನ್ನು ನಡೆಸುತ್ತಿದ್ದರು. ಮೌಂಟ್ ಹೋಲ್ಯೋಕಿನಲ್ಲಿ ಆಳುಕಾಳು ಇಡದೆ ಮನೆಗೆಲಸವನ್ನೆಲ್ಲ ವಿದ್ಯಾರ್ಥಿನಿಯರಿಗೇ ಹಂಚುತ್ತಿದ್ದರು. ಎಮಿಲಿ ಡಿಕಿನ್ಸನ್ನಳ ಪಾಲಿಗೆ ಊಟದ ಚಾಕುಗಳನ್ನು ನೋಡಿಕೊಳ್ಳುವ ಕೆಲಸ ಬಿದ್ದಿತ್ತು. ಎಸ್ತರ್ ಈ ಹಂಚಿಕೆಯನ್ನು ಕಲಿತದ್ದು ಅಲ್ಲಿಯೇ ಇರಬೇಕು ಎಂಬುದು ನಮ್ಮ ಊಹೆ. ಮದುವೆ ಮನೆಯಲ್ಲಿ ನೂರು ಲಾಡು ಕಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅದು ಬೇರೆ ಮಾತು.

ಕೈಚಳಕದ ವಿಚಾರ ಒಂದಿಷ್ಟು ಹೇಳದೆ ಬಿಡಲಾರೆವು. ಬಿಳಿಯ ಲೇಸ್ ಕಾಗದದ ಕೆಳಗೆ ಬಣ್ಣದ ಹೊಳಪು ಕಾಗದದ ಒಂದು ಬಿಲ್ಲೆ ಇಟ್ಟರೆ ಲೇಸಿನ ತೂತುಗಳೆಲ್ಲ ಎದ್ದು ಕಾಣುತ್ತವೆ. ಇದು ಅವಳ ಗುರುತು ಎನ್ನುತ್ತಾರೆ. ಇನ್ನೊಂದು, ಕಾಗದದ ಸಣ್ಣ ಪಟ್ಟಿಯನ್ನು ಬೀಸಣಿಗೆಯಂತೆ ಮಡಿಸಿ ಪದರಗಳ ನಡುವೆ ಅಂಟಿಸಿ ಚಿತ್ರವನ್ನು ಮೇಲಕ್ಕೆತ್ತುವುದು. ನಾವು ಇಂದು ಎರಡು ಕಡೆ ಅಂಟಿರುವ ಫೋಮ್ ಟೇಪ್ ತುಂಡುಗಳನ್ನು ಇಟ್ಟು ಹಣತೆಯನ್ನೋ ಮಾವಿನೆಲೆಯನ್ನೋ ಎತ್ತರಿಸುತ್ತೇವಲ್ಲ, ಅದೇ ಕೆಲಸ. ಇಲ್ಲಿನ ಲೆಟರ್ ಅಳತೆಯ ದಪ್ಪ ಕಾಗದವನ್ನು ಅಡ್ಡಕ್ಕೆ ಎರಡು ಮಾಡಿ ಮಡಿಸಿದರೆ ನಾಲ್ಕೂಕಾಲು ಅಂಗುಲಕ್ಕೆ ಐದೂವರೆ ಅಂಗುಲದ ಕಾರ್ಡು. ಒಂದು ಹಾಳೆಗೆ ಎರಡು, ಚೂರೂ ನಷ್ಟವಿಲ್ಲ. ಮಡಿಸುವ ಮೊದಲು ಮೊಂಡು ಕಡ್ಡಿಯಿಂದ ಗೆರೆ ಎಳೆಯದಿದ್ದರೆ ಅಂಚು ಒಡೆಯುತ್ತದೆ. ಗುಂಡಿ, ಮಣಿ ಅಂಟಿಸಿ ಉಬ್ಬಿದ ಲಕೋಟೆಗೂ ಚೌಕಾಕಾರದ ಲಕೋಟೆಗೂ ಅಂಚೆಯವರು ಹೆಚ್ಚು ದರ ಕೇಳುತ್ತಾರೆ ಎಂಬುದನ್ನೂ ಕೊಳ್ಳುವವರು ನೆನಪಿಡಿ. ಈ ಪತ್ರಿಕೆ ಜೆರಾಕ್ಸಿನಲ್ಲಿ ಬರುವುದರಿಂದ ಇಲ್ಲಿ ಚಿತ್ರ ಹಾಕಿಲ್ಲ. ಹಾಕಿದ್ದರೆ ಲೇಸೆಲ್ಲ ಮಸಿಯ ಮುದ್ದೆಯಾಗಿ ಕಾಣುತ್ತಿತ್ತು.

ಕಳೆದ ಫೆಬ್ರವರಿಯಲ್ಲಿ ಎರಡು ಕಾರು ಮಾಡಿಕೊಂಡು ಹೊರಟೆವು. ದಾರಿಯಲ್ಲಿ ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನದಲ್ಲಿ ಮಂಗಳಾರತಿ ಮುಗಿಸಿ, ರಸ್ತೆಯ ಇಕ್ಕೆಲದಲ್ಲೂ ಕರಗದ ಹಿಮ, ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ವಾಸನೆ. ವುಸ್ಟರ್ ಹಿಸ್ಟಾರಿಕಲ್ ಮ್ಯೂಸಿಯಮ್ಮಿನಲ್ಲಿ ಎಸ್ತರಳ ಕಾಲದ ಕಾರ್ಡುಗಳ ಸಂಗ್ರಹವಿದೆ. ಅದೇ ಊರಿನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯಲ್ಲೂ ಇದೆ. ಆ ಸಂಸ್ಥೆ ಐಸಾಯಾ ಥಾಮಸ್ ಎಂಬ ಮುದ್ರಕ 1812ರಲ್ಲಿ ಕಟ್ಟಿದ್ದು. ಕಾರ್ಡುಗಳು ನಾವು ಅಂದುಕೊಂಡದ್ದಕ್ಕಿಂತ ಚಿಕ್ಕವು. ಲೇಸು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ. ನಮ್ಮಲ್ಲೊಬ್ಬರ ಅತ್ತೆಯವರು ತಿಪಟೂರಿನಿಂದ ಆರು ತಿಂಗಳಿಗೆಂದು ಬಂದಿದ್ದವರು, ಚಳಿಗೆ ಎರಡು ಸ್ವೆಟರ್ ಹಾಕಿಕೊಂಡು ಜೊತೆಗೆ ಬಂದಿದ್ದರು. ಗಾಜಿನ ಹತ್ತಿರ ಮುಖ ಒಯ್ದು ಸುಮಾರು ಹೊತ್ತು ನೋಡಿ ಸೊಸೆಗೆ, “ಇದು ನಮ್ಮಜ್ಜಿ ಮನೆ ಲಕ್ಷ್ಮೀಪಟದ ಹಾಗೇ ಇದೆಯಲ್ಲೇ” ಅಂದರು.

ಆ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಯಂತ್ರವೂ ಕುಶಲಿಗಳೂ ಜರ್ಮನಿಯಿಂದ ಬಂದವರು. ಮುಂದೆ ಅದನ್ನು ಕೊಂಡವನೂ ಶ್ಲೈಖರ್ ಎಂಬ ಜರ್ಮನ್. ಬಾಸ್ಟನ್ನಿನ ರಾಕ್ಸ್‌ಬರಿಯಲ್ಲಿ ಲೂಯಿ ಪ್ರಾಂಗ್ ಕ್ರಿಸ್‌ಮಸ್ ಕಾರ್ಡುಗಳನ್ನು 1870ರ ದಶಕದಲ್ಲಿ ಅಚ್ಚು ಹಾಕಿದ್ದೂ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಇಡುವ ಇದೇ ವಿದ್ಯೆಯಿಂದ. ರವಿವರ್ಮನ ಲಕ್ಷ್ಮೀ ಸರಸ್ವತಿಯರ ಪಟಗಳು ಮನೆಮನೆಗೆ ಬಂದ ಮೇಲೆ ನಮ್ಮ ಅಜ್ಜಿಯರು ಸುಮ್ಮನೆ ಗೋಡೆಗೆ ತೂಗುಹಾಕಿ ಬಿಡಲಿಲ್ಲ. ಅಚ್ಚಿನ ಸೀರೆಯ ಮೇಲೆ ನಿಜವಾದ ಬಟ್ಟೆಯ ಸೀರೆ ಅಂಟಿಸಿದರು, ಜರಿಯ ಅಂಚು ಹಚ್ಚಿದರು, ಕಿರೀಟಕ್ಕೆ ಚಮಕಿ, ಕೊರಳಿಗೆ ಮಣಿ. ಅಂಗಡಿಯಿಂದ ಬಂದ ಒಂದೇ ತೆರನ ಪಟ, ಹತ್ತು ಮನೆಯಲ್ಲಿ ಹತ್ತು ಬಗೆಯ ಲಕ್ಷ್ಮಿಯಾಯಿತು. ಸಂಕ್ರಾಂತಿಗೆ ಕುಸುರಿ ಎಳ್ಳು ಕಟ್ಟಿದವರೂ, ಮದುವೆಗೆ ಕೊಬ್ಬರಿ ಗಿಟುಕಿನ ಮೇಲೆ ಹೂಬಳ್ಳಿ ಕೆತ್ತಿದವರೂ ಅವರೇ. ಆ ಅತ್ತೆಯವರನ್ನು, ಪಟಕ್ಕೆ ಜರಿ ಹಚ್ಚಿದ್ದು ಯಾರು ಎಂದು ಕೇಳಿದೆವು. “ಯಾರೋ ನಮ್ಮನೆ ಹೆಂಗಸರು. ಹೆಸರು ಯಾರು ಬರ್ಕೊಳ್ತಾರೆ ಅದಕ್ಕೆಲ್ಲ” ಎಂದರು.

ಎಸ್ತರಳ ಕಾರ್ಡುಗಳ ಬೆನ್ನಿಗೆ ಗುರುತು ಇದೆ. ಹಿಂಬದಿಯಲ್ಲಿ ಕೆಂಪು ಅಕ್ಷರದ ಒಂದು ಪುಟಾಣಿ ‘ಎಚ್’. 1870ರ ದಶಕದಲ್ಲಿ ಸಂಸ್ಥೆಗೆ ನ್ಯೂ ಇಂಗ್ಲೆಂಡ್ ವ್ಯಾಲೆಂಟೈನ್ ಕಂಪನಿ ಎಂದು ಹೆಸರಾದ ಮೇಲೆ ಅದರ ಮೊದಲಕ್ಷರಗಳು ಬಂದವು. ವರ್ಷಕ್ಕೆ ಲಕ್ಷ ಡಾಲರಿನ ವಹಿವಾಟು ಎಂದು ಹೇಳುತ್ತಾರೆ. ಈ ಕೆಂಪು ಎಚ್ ಇದ್ದುದರಿಂದಲೇ ಇಂದು ಸಂಗ್ರಾಹಕರು ಅವುಗಳನ್ನು ಗುರುತಿಸಿ, ಬೆಲೆ ಕಟ್ಟಿ, ಗಾಜಿನೊಳಗೆ ಇಡಲು ಸಾಧ್ಯವಾಗಿದೆ. ಆದರೆ ಗಾಜಿನೊಳಗಿನ ಆ ಕಾರ್ಡಿನ ಹೂವನ್ನು ಕತ್ತರಿಸಿದವಳು ಯಾರು, ಬಿಲ್ಲೆ ಅಂಟಿಸಿದವಳು ಯಾರು, ಪೆಟ್ಟಿಗೆ ತರಿಸಿಕೊಂಡು ಮಗುವನ್ನು ಮಲಗಿಸಿ ರಾತ್ರಿ ಕೂತು ಮಾಡಿದವಳು ಯಾರು? ಕಾರ್ಡಿನ ಮೇಲೆ ಏನೂ ಇಲ್ಲ. ಎಸ್ತರಳ ಮೇಲೆ ನಮಗೆ ದೂರಿಲ್ಲ. ತನ್ನಲ್ಲಿ ದುಡಿದವರಿಗೆ ಒಳ್ಳೆಯ ಕೂಲಿ ಕೊಟ್ಟಳು ಎಂದೇ ಬರೆದಿದ್ದಾರೆ. ಹೆಂಗಸು ಅಂಗಡಿ ಇಡುವುದೇ ಅಪರೂಪವಾದ ಕಾಲದಲ್ಲಿ ಅವಳು ಅಷ್ಟು ಜನಕ್ಕೆ ಕೈಗೆ ಕಾಸು ಸಿಗುವಂತೆ ಮಾಡಿದಳು. ಆದರೂ ‘ಹೌಲೆಂಡಳ ಕಾರ್ಡು’ ಎಂದಾಗ ಅದರಲ್ಲಿ ಅವಳ ಸ್ವಂತ ಕೈ ಎಷ್ಟು, ಬೇರೆಯವರದು ಎಷ್ಟು ಎಂದು ಬಿಡಿಸಿ ಹೇಳುವಂತಿಲ್ಲ.

ಅವಳ ಕೊನೆಯ ವರ್ಷಗಳ ಬಗ್ಗೆ ಪತ್ರಿಕೆಯವರು ಯಾವಾಗಲೂ ಎತ್ತಿ ಆಡುವುದು ಒಂದನ್ನೇ: ಪ್ರೇಮದ ಕಾಗದಗಳ ರಾಣಿ ಮದುವೆಯಾಗಲೇ ಇಲ್ಲ ಎಂದು. ನಮಗೆ ಅದರಲ್ಲಿ ದೊಡ್ಡ ವಿಶೇಷ ಕಾಣಲಿಲ್ಲ. 1879ರಲ್ಲಿ ಅವಳು ಟ್ಯಾಫ್ಟ್ ಎಂಬ ಇನ್ನೊಬ್ಬ ಕಾರ್ಡು ತಯಾರಕನ ಜೊತೆ ಸೇರಿಕೊಂಡಳು. ಅದೇ ವರ್ಷ, ಗಿರಾಕಿಗಳು ಬೇಕಾದ್ದನ್ನು ಆರಿಸಿ ಕಾರ್ಡಿನೊಳಗೆ ಅಂಟಿಸಿಕೊಳ್ಳಲೆಂದು ಪದ್ಯಗಳ ಒಂದು ಪುಸ್ತಕವನ್ನೂ ಹೊರತಂದಳು. ಎರಡೇ ವರ್ಷಕ್ಕೆ, 1881ರಲ್ಲಿ, ಇಡೀ ವ್ಯಾಪಾರವನ್ನು ವುಸ್ಟರಿನವನೇ ಆದ ಜಾರ್ಜ್ ವಿಟ್ನಿಗೆ ಮಾರಿದಳು. ಕಾರಣ ಕಾಯಿಲೆ ಬಿದ್ದ ತಂದೆಯ ಆರೈಕೆ ಎನ್ನುತ್ತಾರೆ. ಮೂವತ್ತು ವರ್ಷ ಕಟ್ಟಿದ್ದನ್ನು ತಂದೆಯ ಹಾಸಿಗೆಯ ಪಕ್ಕ ಕೂರುವುದಕ್ಕಾಗಿ ಬಿಟ್ಟುಕೊಡುವುದು. ಊರಿಂದ ಫೋನು ಬಂದಾಗ ಕೆಲಸಕ್ಕೆ ರಜೆ ಹಾಕಿ ಟಿಕೆಟ್ ಹುಡುಕುವ ನಮ್ಮಂಥವರಿಗೆ ಮದುವೆಯ ಮಾತಿಗಿಂತ ಇದು ಹೆಚ್ಚು ತಟ್ಟಿತು. ಎಸ್ತರ್ 1904ರಲ್ಲಿ ತೀರಿಕೊಂಡಳು. ವಿಟ್ನಿಯ ಕಾರ್ಖಾನೆ ಯಂತ್ರದ ಕಾರ್ಡುಗಳಿಂದ ಬಹಳ ದೊಡ್ಡದಾಗಿ ಬೆಳೆದು, ಎರಡನೆಯ ಮಹಾಯುದ್ಧದ ಕಾಗದದ ಅಭಾವದಲ್ಲಿ, 1942ರಲ್ಲಿ ಮುಚ್ಚಿತು.

ವಾಪಸು ಬರುವಾಗ ಕಾರಿನಲ್ಲಿ ನಮ್ಮೊಳಗೇ ಒಂದು ಚರ್ಚೆ ನಡೆಯಿತು. ನಮ್ಮ ಕಾರ್ಡುಗಳ ಬೆನ್ನಿಗೆ ಇದುವರೆಗೆ ಕೂಟದ ಹೆಸರಿನ ರಬ್ಬರ್ ಮೊಹರು ಮಾತ್ರ ಒತ್ತುತ್ತಿದ್ದೆವು. ಅಷ್ಟೇ ಸಾಕು, ಇದೇನು ನಮ್ಮ ಸ್ವಂತ ವ್ಯಾಪಾರವೇ ಎಂದು ಇಬ್ಬರು. ಕತ್ತರಿಸಿದವರು, ಅಂಟಿಸಿದವರು, ಒಳಗೆ ಕನ್ನಡ ಅಕ್ಷರ ಬರೆದವರು ಎಲ್ಲರ ಹೆಸರೂ ಸಣ್ಣದಾಗಿ ಇರಲಿ ಎಂದು ಉಳಿದವರು. ಕತ್ತರಿಸುವ ಯಜಮಾನರು ಮಾತ್ರ, “ನನ್ನ ಹೆಸರು ಹಾಕಿದರೆ ಆಫೀಸಿನವರೂ ನನ್ನ ಕೈಲಿ ಕಾರ್ಡು ಮಾಡಿಸ್ತಾರೆ” ಎಂದು ಹಿಂದೆ ಸರಿದರು. ಫ್ರೇಮಿಂಗ್‌ಹ್ಯಾಮ್ ಬರುವಷ್ಟರಲ್ಲಿ ಮೂರಕ್ಕೆ ಎರಡು ಮತದಿಂದ ಹೆಸರು ಹಾಕುವುದೆಂದು ತೀರ್ಮಾನವಾಯಿತು. ಯುಗಾದಿಯ ಕಾರ್ಡುಗಳಿಂದ ಅದು ಜಾರಿಗೆ ಬಂದಿದೆ. ಹೆಸರುಗಳು ತೀರ ಸಣ್ಣ ಅಕ್ಷರದಲ್ಲಿವೆ, ಓದಲು ಕನ್ನಡಕ ಬೇಕಾದೀತು.

ಬೇಸಿಗೆಯಲ್ಲಿ ಸೌತ್ ಹ್ಯಾಡ್ಲಿಗೆ ಹೋಗುವ ಯೋಚನೆಯಿದೆ. ವುಸ್ಟರಿನಿಂದ ಮುಂದೆ ಸುಮಾರು ಒಂದು ಗಂಟೆಯ ಹಾದಿ. ಬರುವ ಮನಸ್ಸಿದ್ದವರು ಮುಂದಿನ ಸಮಾರಂಭದಲ್ಲಿ ಮೇಜಿನ ಬಳಿ ತಿಳಿಸಿದರೆ ಕಾರಿನಲ್ಲಿ ಜಾಗ ನೋಡುತ್ತೇವೆ. ಮೊಸರನ್ನ ನಮ್ಮದು, ಉಪ್ಪಿನಕಾಯಿ ತಮ್ಮದು.