ಬದುವಿನಿಂದ ಅಳೆಯಬೇಕಾದ ದೂರ: ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಗಾಳಿಯಂತ್ರ ಮತ್ತು ನೆರೆಜಮೀನಿನ ಹಕ್ಕು

ಸಾರಾಂಶ

ವಾಸದ ಮನೆಯಿಂದ ಗಾಳಿಯಂತ್ರ ಎಷ್ಟು ದೂರದಲ್ಲಿರಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಪಕ್ಕದ ರೈತನ ಹೊಲಕ್ಕೆ ಅಂಥ ರಕ್ಷಣೆಯಿಲ್ಲ. ಇದರಿಂದ ಮೊದಲು ಯಂತ್ರ ನಿಲ್ಲಿಸಿದವರು ನೆರೆಯವನ ಮುಂದಿನ ಹಕ್ಕನ್ನು ಬಿಡಿಗಾಸು ಕೊಡದೆ ಬಳಸಿಕೊಂಡಂತಾಗುತ್ತದೆ. ದೂರವನ್ನು ಜಮೀನಿನ ಹದ್ದಿನಿಂದಲೂ ಅಳೆಯಬೇಕೆಂಬುದು ಈ ಲೇಖನದ ವಾದ.

1. ನೆಲದ ಸ್ವರೂಪ

ತರೀಕೆರೆಯ ಪಶ್ಚಿಮ ಭಾಗ ಭದ್ರಾ ಕಾಡಿಗೆ ಹೊಂದಿಕೊಂಡ ಮಲೆನಾಡು. ಕಡೂರು, ಹಾಗೂ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರ, ಇವೆರಡೂ ಬಹುಮಟ್ಟಿಗೆ ಬಯಲುಸೀಮೆ. ಘಟ್ಟ ದಾಟಿ ಬರುವ ಮುಂಗಾರು ಗಾಳಿ ಇಲ್ಲಿ ಮಳೆಗಿಂತ ಹೆಚ್ಚು ಧಾರಾಳಿ. ಹಿಂದೆ ಗಾಳಿಯಂತ್ರಗಳು ನೆರೆಯ ಚಿತ್ರದುರ್ಗದ ಜೋಗಿಮಟ್ಟಿಯಂಥ ಗುಡ್ಡಗಳ ನೆತ್ತಿಯಲ್ಲಿ ನಿಂತವು. ಗೋಪುರಗಳು ಎತ್ತರವಾಗಿ ರೆಕ್ಕೆಗಳು ಉದ್ದವಾದ ಮೇಲೆ ಬಯಲಿನ ಖಾಸಗಿ ಹೊಲದಲ್ಲೂ ಯಂತ್ರ ಹಾಕುವುದು ಗಿಟ್ಟತೊಡಗಿತು. ಗುಡ್ಡದ ಮೇಲೆ ಯಂತ್ರದ ನೆರೆ ಕಲ್ಲುಬಂಡೆ. ಬಯಲಿನಲ್ಲಿ ರಾಗಿ, ಈರುಳ್ಳಿ, ತೆಂಗು, ಅಡಿಕೆ ಬೆಳೆದು ಅಲ್ಲಲ್ಲೇ ತೋಟದ ಮನೆ ಕಟ್ಟಿಕೊಂಡಿರುವ ರೈತ.

2. ಕಾನೂನಿನ ನೆಲೆ

ಕೇಂದ್ರ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ 2016ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡು ಅಳತೆಗಳಿವೆ. ರಸ್ತೆ, ರೈಲುಹಳಿ, ಕಟ್ಟಡ, ಸಾರ್ವಜನಿಕ ಸಂಸ್ಥೆ, ಅತಿ ಹೆಚ್ಚು ಒತ್ತಡದ ವಿದ್ಯುತ್ ಮಾರ್ಗಗಳಿಂದ ಗೋಪುರದ ಎತ್ತರ, ರೆಕ್ಕೆವೃತ್ತದ ಅರ್ಧ ವ್ಯಾಸ ಹಾಗೂ 5 ಮೀಟರ್ ಕೂಡಿದಷ್ಟು ದೂರವಿರಬೇಕು. ಶಬ್ದದ ಕಾರಣಕ್ಕೆ ವಾಸದ ಮನೆಯಿಂದ 500 ಮೀಟರ್ ಒಳಗೆ ಯಂತ್ರ ಇರಬಾರದು. ಈ ಪಟ್ಟಿಯಲ್ಲಿ ಪಕ್ಕದ ಸಾಗುವಳಿ ಜಮೀನಿಲ್ಲ.

ಉಳಿದ ಬಾಗಿಲುಗಳೂ ಕಿರಿದು. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ವ್ಯಾಪ್ತಿಗೆ ಪವನ ವಿದ್ಯುತ್ ಬರುವುದಿಲ್ಲ. ಹಾಗಾಗಿ ಅದರಡಿ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಪವನ ವಿದ್ಯುತ್ತನ್ನು ಬಿಳಿ ವರ್ಗಕ್ಕೆ, ಅಂದರೆ ಬಹುತೇಕ ಮಾಲಿನ್ಯವಿಲ್ಲದ ಉದ್ಯಮಗಳ ಸಾಲಿಗೆ, ಸೇರಿಸಿತು. ನೆರೆಯವನ ಮಾತು ಕೇಳಬಹುದಾದ ಹಂತಗಳೆಂದರೆ ಭೂಪರಿವರ್ತನೆ ಮತ್ತು ಗ್ರಾಮ ಪಂಚಾಯಿತಿ.

3. ಒಂದು ಯಂತ್ರದ ಲೆಕ್ಕ

ಗೋಪುರ 140 ಮೀಟರ್, ರೆಕ್ಕೆವೃತ್ತದ ವ್ಯಾಸ 160 ಮೀಟರ್ ಎಂದಿಟ್ಟುಕೊಳ್ಳೋಣ. ಮೊದಲ ಅಳತೆಯಂತೆ ದೂರ 225 ಮೀಟರ್. ಆ ತ್ರಿಜ್ಯದ ವೃತ್ತದೊಳಗೆ ಸುಮಾರು 39 ಎಕರೆ ಬೀಳುತ್ತದೆ. 500 ಮೀಟರ್ ವೃತ್ತದೊಳಗೆ ಸುಮಾರು 194 ಎಕರೆ. ಕಂಪನಿ ಕೊಳ್ಳುವುದು ಅಥವಾ ಗುತ್ತಿಗೆಗೆ ಪಡೆಯುವುದು ಇದರ ಸಣ್ಣ ಪಾಲನ್ನು. 2015–16ರ ಕೃಷಿ ಗಣತಿಯ ಪ್ರಕಾರ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಆ ಲೆಕ್ಕದಲ್ಲಿ ಚಿಕ್ಕ ವೃತ್ತವೇ ಹನ್ನೊಂದು, ಹನ್ನೆರಡು ಹಿಡುವಳಿಗಳಷ್ಟು. ಆ ಹಿಡುವಳಿದಾರರಲ್ಲೊಬ್ಬ ನಾಳೆ ತೋಟದ ಮನೆ ಕಟ್ಟಿದರೆ ಯಂತ್ರ ಜರುಗುವುದಿಲ್ಲ. ಶಬ್ದವನ್ನು ಅವನೇ ಸಹಿಸಬೇಕು.

ಶಬ್ದಮಾಲಿನ್ಯ ನಿಯಮ, 2000ರಂತೆ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಸಮಾನ ಶಬ್ದದ ಎರಡು ಯಂತ್ರಗಳು ಒಂದೇ ದೂರದಲ್ಲಿದ್ದರೆ ಮಟ್ಟ 3 ಡೆಸಿಬೆಲ್ ಏರುತ್ತದೆ, ನಾಲ್ಕಿದ್ದರೆ 6. ಒಂದೊಂದೇ ಯಂತ್ರಕ್ಕೆ ಅನ್ವಯಿಸುವ 500 ಮೀಟರ್ ಅಳತೆ ಈ ಕೂಡಿಕೆಯನ್ನು ಗಣಿಸುವುದಿಲ್ಲ.

ನೆರಳಿನದು ಇನ್ನೊಂದು ಲೆಕ್ಕ. ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲಿರುವಾಗ, ಅಂದರೆ ಹುಟ್ಟಿದ ಸುಮಾರು ಒಂದು ಗಂಟೆಯ ಬಳಿಕ, 220 ಮೀಟರ್ ಎತ್ತರದ ರೆಕ್ಕೆತುದಿಯ ನೆರಳು 820 ಮೀಟರ್ ಆಚೆ ಬೀಳುತ್ತದೆ. ಅಂಗಳದಲ್ಲಿ ಅಡಿಕೆ ಹರವುವವರ ಮೇಲೆ ನೆರಳು ಬೆಳಕು ಮಿಟುಕುವುದನ್ನು 500 ಮೀಟರ್ ನಿಯಮ ತಡೆಯದು. ನಮ್ಮ ಅಕ್ಷಾಂಶದಲ್ಲಿ ಈ ಬಾಧೆ ಮುಖ್ಯವಾಗಿ ಯಂತ್ರದ ಪೂರ್ವ, ಪಶ್ಚಿಮ ದಿಕ್ಕಿನವರಿಗೆ. ಎಲ್ಲ ದಿಕ್ಕಿಗೂ ಒಂದೇ ಅಂತರವೆಂಬ ನಿಯಮ ಆದ್ದರಿಂದ ಒರಟು.

4. ಹೊರಗಿನ ಅನುಭವ

ಡೆನ್ಮಾರ್ಕಿನಲ್ಲಿ ಮನೆಗೂ ಯಂತ್ರಕ್ಕೂ ಒಟ್ಟು ಎತ್ತರದ ನಾಲ್ಕು ಪಟ್ಟು ಅಂತರ ಬೇಕು. ಆಸ್ತಿಯ ಬೆಲೆ ಕುಸಿದರೆ ಪರಿಹಾರ ಕೇಳಲು ಅಲ್ಲಿ 2009ರಲ್ಲಿ ಜಾರಿಗೆ ಬಂದ ಕಾಯ್ದೆ ಅವಕಾಶ ಕೊಟ್ಟಿತು. ಜರ್ಮನಿಯ ಬವೇರಿಯಾ 2014ರಲ್ಲಿ, ಪೋಲೆಂಡ್ 2016ರಲ್ಲಿ ಹತ್ತು ಪಟ್ಟು ಅಂತರ ವಿಧಿಸಿದವು. ಹೊಸ ಯೋಜನೆಗಳಿಗೆ ಜಾಗವೇ ಸಿಗದಂತಾಗಿ ಬವೇರಿಯಾ 2022ರಲ್ಲಿ ನಿಯಮ ಸಡಿಲಿಸಿತು. ಪೋಲೆಂಡ್ 2023ರಲ್ಲಿ ಕನಿಷ್ಠ ದೂರವನ್ನು 700 ಮೀಟರಿಗೆ ಇಳಿಸಿತು. ಅಂತರವನ್ನು ಹಿಗ್ಗಿಸುವುದೊಂದೇ ನ್ಯಾಯದ ದಾರಿಯಲ್ಲ. ವೃತ್ತದೊಳಗೆ ಸಿಕ್ಕವರಿಗೆ ಮಾತೂ ಪಾಲೂ ಬೇಕು.

5. ಶಿಫಾರಸು

ಹದ್ದುಬಸ್ತು ಮಾಡಿದ ನಕ್ಷೆಯ ಮೇಲೆ ಎರಡೂ ವೃತ್ತಗಳನ್ನು ಎಳೆದು, ಒಳಗೆ ಬರುವ ಸರ್ವೆ ನಂಬರುಗಳನ್ನು ಭೂಪರಿವರ್ತನೆಗೆ ಮೊದಲೇ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಚಿಕ್ಕ ವೃತ್ತದೊಳಗಿನ ಜಮೀನಿಗೆ ಮಾಲೀಕನ ಲಿಖಿತ ಒಪ್ಪಿಗೆ ಮತ್ತು ವರ್ಷವರ್ಷದ ಪಾವತಿ ಕಡ್ಡಾಯವಾಗಬೇಕು. ಆ ಕರಾರು ಪಹಣಿಯಲ್ಲಿ ದಾಖಲಾಗಬೇಕು. ದೊಡ್ಡ ವೃತ್ತದಲ್ಲಿ ಮುಂದೆ ಮನೆ ಕಟ್ಟುವ ಅವಕಾಶಕ್ಕೆ ಬೆಲೆ ಕಟ್ಟಬೇಕು. ಶಬ್ದವನ್ನು ಎಲ್ಲ ಯಂತ್ರಗಳನ್ನು ಕೂಡಿಸಿ, ನೆರಳನ್ನು ದಿಕ್ಕು ನೋಡಿ ಅಂದಾಜಿಸಬೇಕು.

ಭದ್ರಾ ಮೇಲ್ದಂಡೆ ಯೋಜನೆಯ ನೀರು ಈ ತಾಲ್ಲೂಕುಗಳ ಬೇಸಾಯವನ್ನೇ ಬದಲಿಸಬಲ್ಲದು. ಇಂದು ಖುಷ್ಕಿಯಾಗಿರುವ ಹೊಲ ನಾಳೆ ತೋಟವಾಗಿ, ತೋಟದಲ್ಲಿ ಮನೆ ಏಳಬಹುದು. ಹೀಗಿರುವಾಗ ಇಂದಿನ ಮನೆಗಳನ್ನಷ್ಟೇ ಎಣಿಸಿ ಅನುಮತಿ ಕೊಡುವುದು, ನೀರು ಬರುವ ಮೊದಲೇ ಅದರ ಫಲದಲ್ಲೊಂದು ಪಾಲನ್ನು ರೈತನಿಂದ ಕಸಿದಂತೆ. ಪವನ ವಿದ್ಯುತ್ ನಾಡಿಗೆ ಬೇಕು. ಅದರ ಹೊರೆ ಬದುವಿನಾಚೆಯವನೊಬ್ಬನ ಮೇಲೆ ಬೀಳಬಾರದು.