ಶಬ್ದನಿರೋಧಕ ಇಯರ್‌ಫೋನ್

ಕಿವಿನಾಳದೊಳಗೆ ಬಿಗಿಯಾಗಿ ಕೂತು, ಹೊರಗಿನ ಗದ್ದಲವನ್ನು ತಡೆಯುವ ಶ್ರವಣ ಸಾಧನ. ನಾಯ್ಸ್ ಕ್ಯಾನ್ಸಲಿಂಗ್ ಸಾಧನಗಳು ಮೈಕ್ ಮತ್ತು ಬ್ಯಾಟರಿಯ ನೆರವಿನಿಂದ ವಿರುದ್ಧ ತರಂಗ ಹುಟ್ಟಿಸಿ ಸದ್ದನ್ನು ಅಳಿಸುತ್ತವೆ. ಶಬ್ದನಿರೋಧಕ ಇಯರ್‌ಫೋನಿನಲ್ಲಿ ಸದ್ದು ತಡೆಯುವ ಕೆಲಸವನ್ನು ತುದಿಯ ಮೆತ್ತನೆಯ ಬುಡ್ಡೆಯೇ ಮಾಡುತ್ತದೆ.

ಇತಿಹಾಸ: ಅಮೆರಿಕದ ಶ್ರವಣವಿಜ್ಞಾನಿ ಮೀಡ್ ಕಿಲಿಯನ್ 1983ರಲ್ಲಿ ಇಲಿನಾಯ್ ರಾಜ್ಯದಲ್ಲಿ ಸ್ಥಾಪಿಸಿದ ಎಟಿಮೋಟಿಕ್ ರಿಸರ್ಚ್ ಸಂಸ್ಥೆ 1991ರಲ್ಲಿ ಹೊರತಂದ ಇಆರ್-4 ಈ ಬಗೆಯ ಆರಂಭಿಕ ಮಾದರಿಗಳಲ್ಲೊಂದು. ಶ್ರವಣಯಂತ್ರಗಳಲ್ಲಿ ಬಳಸುತ್ತಿದ್ದ ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರನ್ನು (ಸದ್ದು ಹುಟ್ಟಿಸುವ ಭಾಗ) ಇದರಲ್ಲಿ ಸಂಗೀತಕ್ಕೆ ಅಳವಡಿಸಲಾಯಿತು.

ಆಯ್ಕೆ: ಬೆಲೆಗಿಂತ ಮೊದಲು ನೋಡಬೇಕಾದದ್ದು ಅಳತೆ. ಬುಡ್ಡೆ ಸಡಿಲವಾದರೆ ಗದ್ದಲ ಒಳನುಗ್ಗುತ್ತದೆ, ಮೃದಂಗದ ಎಡಭಾಗದ ಗುಮುಕಿಯಂಥ ತಗ್ಗುಸ್ವರಗಳು ಸೊರಗುತ್ತವೆ. ಎರಡು ಕಿವಿಗಳ ಅಳತೆ ಬೇರೆಬೇರೆ ಇರಬಹುದು; ಆದ್ದರಿಂದ ಸಣ್ಣ, ಮಧ್ಯಮ, ದೊಡ್ಡ ಬುಡ್ಡೆಗಳನ್ನು ಒಂದೊಂದು ಕಿವಿಗೂ ಹಾಕಿ ನೋಡುವುದು ಒಳಿತು. ಸಿಲಿಕೋನ್ ಬುಡ್ಡೆಯನ್ನು ತೊಳೆಯುವುದು ಸುಲಭ, ಬಾಳಿಕೆಯೂ ಹೆಚ್ಚು. ಸ್ಪಂಜಿನಂಥ ಫೋಮ್ ಬುಡ್ಡೆ ಕಿವಿಯ ಆಕಾರಕ್ಕೆ ಹಿಗ್ಗಿ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಬೇಗ ಸವೆಯುತ್ತದೆ.

ಮಿತಿಗಳು: ಹೆಜ್ಜೆಯ ಸದ್ದು, ಅಗಿಯುವ ಸದ್ದು, ತಂತಿಯ ಉಜ್ಜಾಟ ಕಿವಿಯೊಳಗೆ ದೊಡ್ಡದಾಗಿ ಕೇಳಿಸುತ್ತವೆ. ಹಾರ್ನ್ ಕೇಳಿಸದಿರುವ ಕಾರಣ ರಸ್ತೆ ದಾಟುವಾಗ, ವಾಹನ ಓಡಿಸುವಾಗ ಇದನ್ನು ಬಳಸಬಾರದು.

ಆರೋಗ್ಯ: ವಾರಕ್ಕೆ 40 ಗಂಟೆ ಕೇಳುವ ವಯಸ್ಕರಿಗೆ 80 ಡೆಸಿಬಲ್ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಗದ್ದಲ ತಗ್ಗಿದಷ್ಟೂ ವಾಲ್ಯೂಮ್ ಏರಿಸುವ ಅಗತ್ಯ ತಗ್ಗುತ್ತದೆ. ಕಿವಿಯ ರಕ್ಷಣೆಯೇ ಈ ಸಾಧನದ ದೊಡ್ಡ ಉಪಯೋಗ.