ಫಿರಂಗಿಯ ಎತ್ತು, ಫಿರಂಗಿಯ ಅಧಿಕಾರಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ‘ಕಾವಲು’ ಎಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರ ಹೊಲಗಳು ಮುಗಿದಲ್ಲಿ ಮೊದಲಾಗುತ್ತಿದ್ದ ಆ ವಿಶಾಲವಾದ ಹುಲ್ಲುಬಯಲುಗಳು ಕೇವಲ ದನ ಮೇಯುವ ನೆಲವಾಗಿರಲಿಲ್ಲ. ಒಂದು ಕಾಲಕ್ಕೆ ಮೈಸೂರಿನ ಸೈನ್ಯ ನಡೆಯುತ್ತಿದ್ದುದೇ ಅವುಗಳ ಬಲದಿಂದ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ಏರ್ಪಟ್ಟ ಅರಮನೆಯ ದನಗಳ ಇಲಾಖೆಯನ್ನು ಹೈದರಾಲಿಯು ದಂಡಿನ ಕೆಲಸಕ್ಕಾಗಿ ಬೆಳೆಸಿದನು. ಟಿಪ್ಪುವು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಅದರ ಆಡಳಿತ ಹೇಗೆ ನಡೆಯಬೇಕೆಂಬುದಕ್ಕೆ ಹುಕುಂನಾಮೆಯನ್ನೇ ಹೊರಡಿಸಿದನು.

ಆ ದನಗಳ ಕಟ್ಟುಪಾಡನ್ನು ನೋಡಿದರೆ ಒಂದು ಸೈನಿಕ ವಿದ್ಯಾಲಯದ ನೆನಪಾಗದಿರದು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ಹಿಂಡುಗಳನ್ನು ನೋಡಿಕೊಳ್ಳಲು ಸೇರ್ವೆಗಾರರು. ಬ್ರಿಟಿಷರ ಕೈಗೆ ಬಂದ ಮೇಲೆ, ಮೂರು ವರ್ಷ ದಾಟಿದ ಹೋರಿಗರುಗಳನ್ನು ಹಿಂಡಿನಿಂದ ಬೇರೆ ಮಾಡಿ, ಬೀಜ ಒಡೆದು, ಹುಣಸೂರಿನ ಡಿಪೋದಲ್ಲಿ ಪಳಗಿಸುತ್ತಿದ್ದರು. ಐದು ವರ್ಷ ತುಂಬಿದ ಎತ್ತು ದಂಡಿನ ಸಾಲಿಗೆ ಸೇರುತ್ತಿತ್ತು. ಏಳನೆಯ ವರ್ಷಕ್ಕೆ ಅದಕ್ಕೆ ಪೂರ್ಣ ಕಸುವು. ಶ್ರೀರಂಗಪಟ್ಟಣದ ಪತನವಾದ ಮೇಲೆ ಧೋಂಡಿಯಾ ವಾಘನ ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, ತನ್ನ ಫಿರಂಗಿಗಳನ್ನು ಎಳೆಸಿದ್ದು ಈ ಎತ್ತುಗಳಿಂದಲೇ. 1860ರಲ್ಲಿ ಖರ್ಚು ಉಳಿಸುವೆವೆಂದು ಸರ್ಕಾರ ಹಿಂಡುಗಳನ್ನು ಮಾರಿಹಾಕಿತು. ಕೆಲವೇ ವರ್ಷಗಳಲ್ಲಿ ದಂಡಿಗೆ ಎತ್ತಿಲ್ಲದೆ ಮತ್ತೆ ಅವುಗಳನ್ನು ಕಟ್ಟಬೇಕಾಯಿತು.

ಫಿರಂಗಿಯನ್ನು ಎಳೆಯುವ ಎತ್ತು ನಮ್ಮ ಕಾವಲಿನದು. ಅದನ್ನು ಹೊಡೆಯುವ ಆಳೂ ಈ ನೆಲದವನೇ. ಆದರೆ ಫಿರಂಗಿಯ ಪಕ್ಕದಲ್ಲಿ ನಿಂತು ಅಪ್ಪಣೆ ಕೊಡುವ ಅಧಿಕಾರಿ ಯಾರು? ಈ ಪ್ರಶ್ನೆಗೆ 1935ರವರೆಗೆ ಉತ್ತರ ಒಂದೇ ಆಗಿತ್ತು: ಭಾರತೀಯನಂತೂ ಅಲ್ಲ.

ಸೈನ್ಯಾಧಿಕಾರಿಯಾಗುವ ತರುಣನನ್ನು ಯಾವ ದಳಕ್ಕೆ ಸೇರಿಸಬೇಕೆಂಬುದು ಮೇಲುನೋಟಕ್ಕೆ ಕಚೇರಿಯ ಕಾಗದದ ವ್ಯವಹಾರದಂತೆ ಕಾಣುತ್ತದೆ. ಕಾಲ್ದಳ, ರಿಸಾಲೆ, ತೋಪಖಾನೆ, ಸೇತುವೆ ಕಟ್ಟಿ ಸುರಂಗ ತೋಡುವ ಇಂಜಿನಿಯರ್ ದಳ, ಸುದ್ದಿ ಸಾಗಿಸುವ ಸಿಗ್ನಲ್ಸ್ ಇವುಗಳಲ್ಲಿ ಒಂದನ್ನು ಹೆಸರಿನ ಮುಂದೆ ಬರೆದರೆ ಮುಗಿಯಿತಲ್ಲವೆ ಎನ್ನಬಹುದು. ಆದರೆ ಯಾರಿಗೆ ಯಾವ ದಳದ ಬಾಗಿಲು ತೆರೆದಿದೆ ಎಂಬುದರಲ್ಲಿ, ಸರ್ಕಾರ ಯಾರನ್ನು ಎಷ್ಟು ನಂಬುತ್ತದೆ ಎಂಬುದು ಅಡಗಿರುತ್ತದೆ.

1857ರ ದಂಗೆಯ ತರುವಾಯ ಬ್ರಿಟಿಷರು ಕಲಿತ ಮೊದಲ ಪಾಠ, ಫಿರಂಗಿಯನ್ನು ತಮ್ಮ ಕೈಯಿಂದ ಬಿಡಬಾರದೆಂಬುದು. ಗುಡ್ಡಗಾಡಿನ ಸಣ್ಣ ತೋಪುಗಳ ಬ್ಯಾಟರಿಗಳಂಥ ಕೆಲವನ್ನು ಬಿಟ್ಟರೆ, ತೋಪಖಾನೆಯೆಲ್ಲ ಬ್ರಿಟಿಷ್ ಸಿಪಾಯಿಗಳದೇ ಆಯಿತು. ರಾಜಸನ್ನದು ಪಡೆದ ಅಧಿಕಾರಿಗಳಾಗುವ ಯೋಗವಂತೂ ಭಾರತೀಯರಿಗೆ ಮೊದಲನೆಯ ಮಹಾಯುದ್ಧದವರೆಗೂ ಬಹುಮಟ್ಟಿಗೆ ಇರಲಿಲ್ಲ. 1918ರಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ವಿದ್ಯಾಲಯದಲ್ಲಿ ವರ್ಷಕ್ಕೆ ಹತ್ತು ಸ್ಥಾನಗಳನ್ನು ನಮ್ಮವರಿಗೆ ಕೊಟ್ಟರು. ಕೊಟ್ಟುದರಲ್ಲಿಯೂ ಒಂದು ಜಾಣತನವಿತ್ತು. ಸ್ಯಾಂಡ್‌ಹರ್ಸ್ಟ್ ಕಾಲ್ದಳ ಮತ್ತು ರಿಸಾಲೆಗಳ ಶಾಲೆ. ತೋಪಖಾನೆಗೂ ಇಂಜಿನಿಯರ್ ದಳಕ್ಕೂ ಹೋಗಬೇಕಾದವರು ವುಲಿಚ್‌ನಲ್ಲಿ ಓದಬೇಕಾಗಿತ್ತು. ಆ ಬಾಗಿಲು ಮುಚ್ಚಿಯೇ ಇತ್ತು. ಹುಡುಗನ ಒಲವು, ಲೆಕ್ಕದಲ್ಲಿ ಅವನ ಚುರುಕು ಇವು ಲೆಕ್ಕಕ್ಕೆ ಬರುವ ಮೊದಲೇ, ಶಾಲೆಯ ಹೊಸ್ತಿಲಲ್ಲಿ ದಳ ನಿಶ್ಚಯವಾಗಿಬಿಡುತ್ತಿತ್ತು.

ಕೊಡಗಿನ ಇಬ್ಬರು ಹಿರಿಯರ ಜೀವನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕೆ. ಎಂ. ಕಾರಿಯಪ್ಪನವರು ಇಂದೂರಿನ ಡೇಲಿ ಕೇಡೆಟ್ ಕಾಲೇಜಿನಿಂದ 1919ರಲ್ಲಿ ಹೊರಬಂದು ಸೇರಿದ್ದು ಕಾಲ್ದಳವನ್ನು. ಸ್ಯಾಂಡ್‌ಹರ್ಸ್ಟ್‌ನಲ್ಲಿ ಓದಿ 1926ರಲ್ಲಿ ಸನ್ನದು ಪಡೆದ ಕೆ. ಎಸ್. ತಿಮ್ಮಯ್ಯನವರು, ಆಗಿನ ಪದ್ಧತಿಯಂತೆ ಮೊದಲು ಒಂದು ಬ್ರಿಟಿಷ್ ಪಟಾಲಮ್ಮಿನಲ್ಲಿ ಕೆಲಸ ಕಲಿತು, ಬಳಿಕ 19ನೆಯ ಹೈದರಾಬಾದ್ ರೆಜಿಮೆಂಟಿನ 4ನೆಯ ಪಟಾಲಮ್ಮಿಗೆ ಬಂದರು. ಇದೂ ಕಾಲ್ದಳವೇ. ಇಷ್ಟರಲ್ಲಿ, 1923ರಲ್ಲಿ, ‘ಎಂಟು ಪಟಾಲಮ್ಮುಗಳ ಯೋಜನೆ’ ಎಂಬುದೊಂದು ಹೊರಟಿತ್ತು. ಇಡೀ ಸೈನ್ಯದಲ್ಲಿ ಎರಡು ರಿಸಾಲೆಗಳನ್ನೂ ಆರು ಕಾಲ್ದಳದ ಪಟಾಲಮ್ಮುಗಳನ್ನೂ ಆರಿಸಿ, ಭಾರತೀಯ ಅಧಿಕಾರಿಗಳೆಲ್ಲ ಅವುಗಳಲ್ಲೇ ಇರತಕ್ಕದ್ದೆಂದು ವಿಧಿಸಿದರು. ಹೆಸರಿಗೆ ಇದು ಭಾರತೀಕರಣ. ಅದರ ಒಳಗುಟ್ಟು ಬೇರೆ. ನಮ್ಮವರು ಬೇರೆ ಪಟಾಲಮ್ಮುಗಳಲ್ಲಿ ಮೇಲೇರಿದರೆ ಇಂಗ್ಲಿಷ್ ತರುಣರು ಅವರ ಕೈಕೆಳಗೆ ದುಡಿಯಬೇಕಾಗುತ್ತಿತ್ತು. ಅದು ತಪ್ಪಲೆಂದು ಈ ಬೇಲಿ. ತಿಮ್ಮಯ್ಯನವರ ಪಟಾಲಂ ಆ ಎಂಟರಲ್ಲಿ ಒಂದು.

ಇದರ ವಿರುದ್ಧ ಕೇಂದ್ರ ಶಾಸನಸಭೆಯಲ್ಲಿ ವರ್ಷವರ್ಷವೂ ವಾದ ನಡೆಯಿತು. ಜನರಲ್ ಸ್ಕೀನ್ ಅಧ್ಯಕ್ಷತೆಯ ಸಮಿತಿ 1926ರಲ್ಲಿ ತನ್ನ ವರದಿ ಒಪ್ಪಿಸಿ, ಎಂಟು ಪಟಾಲಮ್ಮುಗಳ ಬೇಲಿ ಹೋಗಬೇಕು, ತೋಪಖಾನೆ ಇಂಜಿನಿಯರ್ ಮೊದಲಾದ ದಳಗಳು ನಮ್ಮವರಿಗೂ ತೆರೆಯಬೇಕು, ಭಾರತದಲ್ಲಿಯೇ ಸೈನಿಕ ವಿದ್ಯಾಲಯವಾಗಬೇಕು ಎಂದಿತು. ಬೇಲಿಯನ್ನು ಸರ್ಕಾರ ಕೂಡಲೇ ಕೀಳಲಿಲ್ಲ. ಆದರೂ ವುಲಿಚ್‌ನಲ್ಲಿ ಕೆಲವು ಸ್ಥಾನಗಳು ದೊರೆತುವು. 1932ರ ಅಕ್ಟೋಬರ್ 1ರಂದು ಡೆಹ್ರಾಡೂನಿನಲ್ಲಿ 40 ಮಂದಿ ಕೇಡೆಟ್‌ಗಳೊಂದಿಗೆ ಇಂಡಿಯನ್ ಮಿಲಿಟರಿ ಅಕಾಡೆಮಿ ಪ್ರಾರಂಭವಾಯಿತು.

ಮುಂದಿನ ಘಟನೆ ನಡೆದುದು ನಮ್ಮ ಬೆಂಗಳೂರಿನಲ್ಲಿ. 1935ರಲ್ಲಿ ಅಲ್ಲಿಯ ದಂಡಿನಲ್ಲಿ ‘ಎ’ ಫೀಲ್ಡ್ ಬ್ರಿಗೇಡ್ ಎಂಬ ತೋಪಖಾನೆಯ ತುಕಡಿಯನ್ನು ಕಟ್ಟಿದರು. ಫಿರಂಗಿಗಳನ್ನು ಎಳೆಯುವವು ಕುದುರೆಗಳು, ಸಿಪಾಯಿಗಳು ಭಾರತೀಯರು, ಅಧಿಕಾರಿಗಳಾಗಿ ಕ್ರಮೇಣ ಭಾರತೀಯರೇ ತುಂಬಬೇಕೆಂಬುದು ಉದ್ದೇಶ. ವುಲಿಚ್‌ನಲ್ಲಿ ಕಲಿತು ಬಂದ ಪ್ರೇಮ್‌ಸಿಂಗ್ ಗ್ಯಾನಿ ಮತ್ತು ಪಿ. ಪಿ. ಕುಮಾರಮಂಗಲಂ ಅದರ ಮೊದಲ ಭಾರತೀಯ ಅಧಿಕಾರಿಗಳಲ್ಲಿ ಸೇರಿದವರು. ಅವರಲ್ಲಿ ಕುಮಾರಮಂಗಲಂ 1942ರಲ್ಲಿ ಲಿಬಿಯದ ಮರಳುಗಾಡಿನ ಕಾಳಗದಲ್ಲಿ ಡಿ.ಎಸ್.ಓ. ಗೌರವ ಗಳಿಸಿ ಶತ್ರುವಿನ ಸೆರೆಯನ್ನೂ ಕಂಡರು. ಗ್ಯಾನಿ 1964ರಲ್ಲಿ ಸೈಪ್ರಸ್ಸಿಗೆ ಹೋದ ವಿಶ್ವಸಂಸ್ಥೆಯ ಶಾಂತಿಪಡೆಯ ಮೊದಲ ದಂಡನಾಯಕರಾದರು. ಇಂಜಿನಿಯರ್ ದಳಕ್ಕೆ ಸೇರಿದ ಪ್ರೇಮೀಂದ್ರಸಿಂಗ್ ಭಗತ್, 1941ರಲ್ಲಿ ಆಫ್ರಿಕದ ರಣರಂಗದಲ್ಲಿ ನೆಲಬಾಂಬುಗಳನ್ನು ತೆಗೆದ ಸಾಹಸಕ್ಕಾಗಿ ವಿಕ್ಟೋರಿಯಾ ಕ್ರಾಸ್ ಪಡೆದರು. ಯಾವ ಕೆಲಸಕ್ಕೆ ಇವರು ತಕ್ಕವರಲ್ಲವೆಂದು ಅರವತ್ತು ಎಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದರೋ, ಆ ಕೆಲಸವನ್ನೇ ಅವರು ಹತ್ತು ವರ್ಷದೊಳಗೆ ಮಾಡಿ ತೋರಿಸಿದ್ದರು.

ಆದರೂ ಮುಚ್ಚಿದ ಬಾಗಿಲಿನ ನೆರಳು ಬಹಳ ಉದ್ದವಾದುದು. 1949ರ ಜನವರಿ 15ರಂದು ಕಾರಿಯಪ್ಪನವರು ಭಾರತ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಅವರನ್ನೂ ಸೇರಿಸಿ, ರಾಜೇಂದ್ರಸಿಂಹಜೀ, ಶ್ರೀನಾಗೇಶ್, ತಿಮ್ಮಯ್ಯ, ಥಾಪರ್, ಚೌಧುರಿ ಹೀಗೆ ಮೊದಲ ಆರು ಮಂದಿಯೂ ಕಾಲ್ದಳದವರು ಇಲ್ಲವೇ ರಿಸಾಲೆಯವರು. ತೋಪಖಾನೆಯಿಂದ ಬಂದ ಮೊದಲ ಸೇನಾ ಮುಖ್ಯಸ್ಥರು ಅದೇ ಕುಮಾರಮಂಗಲಂ, 1966ರಲ್ಲಿ. ಇಂಜಿನಿಯರ್ ದಳದ ಅಧಿಕಾರಿಯೊಬ್ಬರು, ಜನರಲ್ ಮನೋಜ್ ಪಾಂಡೆ, ಆ ಸ್ಥಾನಕ್ಕೆ ಬರಲು 2022 ಆಗಬೇಕಾಯಿತು. ಇಪ್ಪತ್ತರ ಹುಡುಗನಿಗೆ ಕೊಟ್ಟ ದಳವು ಅವನ ಐವತ್ತರ ಪದವಿಯನ್ನೂ ಎಷ್ಟೋ ಮಟ್ಟಿಗೆ ನಿರ್ಧರಿಸುತ್ತದೆ. ಇಪ್ಪತ್ತರಲ್ಲಿ ಸಿಕ್ಕದ ದಳವನ್ನು ಐವತ್ತರಲ್ಲಿ ತುಂಬಿಕೊಡಲು ಬಾರದು.

ಈಗಿನ ಕ್ರಮವೇನು? ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದಲೋ ಪದವೀಧರರ ಪರೀಕ್ಷೆಯಿಂದಲೋ ಬಂದು ಡೆಹ್ರಾಡೂನಿನಲ್ಲಿ ಕಲಿಯುವ ಕೇಡೆಟ್, ತರಬೇತಿ ಮುಗಿಯುವ ಮುನ್ನ ತನಗೆ ಬೇಕಾದ ದಳಗಳನ್ನು ಇಷ್ಟಾನುಕ್ರಮದಲ್ಲಿ ಬರೆದುಕೊಡುತ್ತಾನೆ. ಯಾವ ದಳದಲ್ಲಿ ಎಷ್ಟು ಸ್ಥಾನ ಖಾಲಿಯಿದೆ ಎಂಬುದು ಸೈನ್ಯದ ಮುಖ್ಯ ಕಚೇರಿಯಿಂದ ಬರುತ್ತದೆ. ಓದು, ಕವಾಯತು, ನಾಯಕತ್ವ ಇವುಗಳಲ್ಲಿ ಅವನು ಗಳಿಸಿದ ಸ್ಥಾನ, ದೇಹದಾರ್ಢ್ಯ, ಇಂಜಿನಿಯರಿಂಗ್ ಮೊದಲಾದ ವಿದ್ಯೆ ಇವುಗಳನ್ನೆಲ್ಲ ತೂಗಿನೋಡುತ್ತಾರೆ. ತಂದೆ ದುಡಿದ ರೆಜಿಮೆಂಟನ್ನು ಮಗ ಕೇಳುವ ಹಕ್ಕೂ ಉಂಟು. ಕೇಳಿದ್ದೇ ಎಲ್ಲರಿಗೂ ಸಿಕ್ಕುವುದಿಲ್ಲ. ಕಾಲ್ದಳ ಬಯಸಿದವನಿಗೆ ಸಾಮಗ್ರಿ ಸರಬರಾಜಿನ ದಳ ಬರಬಹುದು. ಬಂದಾಗ ಮನೆಯವರೂ ಮುಖ ಸಣ್ಣದು ಮಾಡುವುದುಂಟು. ಆದರೆ ಈ ನಿರಾಶೆಗೂ ಹಿಂದಿನ ನಿರಾಶೆಗೂ ಅಜಗಜಾಂತರ. ಇಂದು ಸಿಕ್ಕದಿದ್ದರೆ ಅದು ಸ್ಥಾನಗಳ ಕೊರತೆ. ಅಂದು ಸಿಕ್ಕದಿದ್ದುದು ಹುಟ್ಟಿನ ಕಾರಣ.

ಎಲ್ಲ ಬಾಗಿಲುಗಳೂ ಒಮ್ಮೆಗೇ ತೆರೆಯಲಿಲ್ಲವೆಂಬುದನ್ನೂ ಹೇಳಬೇಕು. ವೈದ್ಯಕೀಯ ಶಾಖೆಗಳ ಹೊರಗೆ ಹೆಣ್ಣುಮಕ್ಕಳು ಸೈನ್ಯಾಧಿಕಾರಿಗಳಾಗತೊಡಗಿದ್ದು 1992ರಿಂದ. ತೋಪಖಾನೆಗೆ ಅವರು ಬಂದುದು 2023ರ ಏಪ್ರಿಲ್‌ನಲ್ಲಿ, ಚೆನ್ನೈನ ತರಬೇತಿ ಅಕಾಡೆಮಿಯಿಂದ ಐದು ಮಂದಿ. ‘ಇವರಿಂದ ಆಗದು’ ಎಂಬ ಹಳೆಯ ಮಾತು ಅವರ ವಿಷಯದಲ್ಲಿಯೂ ಕೇಳಿಬಂದಿತ್ತು.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯನ್ನು ಇಂದಿಗೂ ಸಾಕುತ್ತಿದ್ದಾರೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳು ಓಡಾಡುತ್ತವೆ. ಫಿರಂಗಿಯನ್ನು ಈಗ ಎತ್ತು ಎಳೆಯುವುದಿಲ್ಲ, ಯಂತ್ರ ಎಳೆಯುತ್ತದೆ. ಈ ಸೀಮೆಯ ಮನೆಯೊಂದರ ಹುಡುಗನೋ ಹುಡುಗಿಯೋ ಸೈನ್ಯದ ಪರೀಕ್ಷೆಗೆ ಕುಳಿತು, ಮುಂದೊಂದು ದಿನ ಇಷ್ಟದ ದಳಗಳ ಪಟ್ಟಿಯ ಮೊದಲ ಸಾಲಿನಲ್ಲಿ ‘ತೋಪಖಾನೆ’ ಎಂದು ಬರೆಯುವಂತಾದರೆ, ಆ ಒಂದು ಪದವನ್ನು ಬರೆಯುವ ಹಕ್ಕು ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಮನೆಯ ಹಿರಿಯರು ಅವರಿಗೆ ತಿಳಿಸಿಕೊಡುವುದು ಒಳ್ಳೆಯದು.